ಗೋಡೆಗೆ ಬಂದ ಕಿವಿ

ಜನವರಿ 9

ಅತ್ತಿಗೆಯವರಿಗೆ,

ನಿಮ್ಮ ಪತ್ರ ತಲುಪಿತು. ಜೊತೆಗಿದ್ದ ಬಣ್ಣದ ಕರಪತ್ರವೂ ತಲುಪಿತು. ಅದನ್ನು ಮೂರು ಸಲ ಓದಿದೆ. ಮೊದಲನೆಯ ಸಲ ಅರ್ಥವಾಗಲಿಲ್ಲ. ಎರಡನೆಯ ಸಲ, ಅದರಲ್ಲಿ ಅರ್ಥವೇ ಇಲ್ಲವೆಂದು ಅರ್ಥವಾಯಿತು. ಮೂರನೆಯ ಸಲ, ಬರೆದವರು ನೀವೇ ಎಂದು ಗೊತ್ತಾಯಿತು.

'ಸಮುದಾಯದ ನಾಡಿಗೆ ಸ್ಪಂದಿಸುವ ಗೋಡೆ' ಅಂದರೆ ನನಗೆ ತಿಳಿದ ಮಟ್ಟಿಗೆ ಇಷ್ಟು. ಇಲ್ಲಿನ ಸಮುದಾಯ ಕೇಂದ್ರದ ದೊಡ್ಡ ಹಾಲಿನಲ್ಲಿ ಸುಮಾರು ತಿಂಗಳಿಗೊಂದು ಶನಿವಾರದಂತೆ ಮೂರು ಕಾರ್ಯಕ್ರಮ. ನಾನೂ ನನ್ನ ಹನ್ನೊಂದು ಶಿಷ್ಯೆಯರೂ ಡೋಲು ಬಾರಿಸುತ್ತೇವೆ. ಬಂದವರ ಕೈಗೆಲ್ಲ ನೀವು ಒಂದೊಂದು ರಬ್ಬರ್ ಪಟ್ಟಿ ಕಟ್ಟುತ್ತೀರಿ. ಅವರು ಚಪ್ಪಾಳೆ ತಟ್ಟಿದರೂ ಸರಿ, ತೊಡೆ ತಟ್ಟಿದರೂ ಸರಿ, ಸೊಳ್ಳೆ ಹೊಡೆದರೂ ಸರಿ, ಪಟ್ಟಿ ಹೋಗಿ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಗೋಡೆಯೊಳಗಿನ ಮೈಕುಗಳು ನಮ್ಮ ಡೋಲನ್ನು ಕೇಳಿಸಿಕೊಳ್ಳುತ್ತವೆ. ಎರಡೂ ಕೂಡಿ ಗೋಡೆಯ ಮೇಲೆ ಬಣ್ಣದ ಬಳ್ಳಿ ಹಬ್ಬುತ್ತದೆ. ಗೋಡೆಗೂ ಕಿವಿ ಇದೆ ಎಂದು ಹಿರಿಯರು ಹೆದರಿಸುತ್ತಿದ್ದರು. ನೀವು ಕಿವಿಯನ್ನೂ ಕೊಡಿಸಿ ಕರಪತ್ರವನ್ನೂ ಹಂಚಿಬಿಟ್ಟಿರಿ.

ಒಪ್ಪಿದ್ದೇನೆ. ಬೇರೆ ದಾರಿ ಇಲ್ಲ. ಮೂರೂ ಗೆದ್ದರೆ ಮುಂದಿನ ವರ್ಷವೂ ಮುಂದಾಳಿನ ಡೋಲಿನ ಹಿಂದೆ ನಾನು ಕೂರಬಹುದು, ಸೋತರೆ ಪಾಠವೂ ಇಲ್ಲ, ಪೀಠವೂ ಇಲ್ಲ ಎಂದು ನೀವೇ ಬರೆದಿದ್ದೀರಿ. ಇಪ್ಪತ್ತಮೂರು ವರ್ಷದಿಂದ ಆ ಹಾಲಿನ ಕಸ ಗುಡಿಸಿ, ಕುರ್ಚಿ ಎಳೆದು, ಡೋಲು ಹಿಡಿಯಲು ಬಾರದವರ ಕೈಗೆ ಕೋಲು ಕೊಟ್ಟವಳು ನಾನು. ಈಗಿರುವ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಮರ. ಹನ್ನೊಂದನೆಯವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳಿಗೆ 'ಗಡಿಯಾರ' ಎಂದು ಹೆಸರಿಟ್ಟಿದ್ದೇನೆ. ಪೆಟ್ಟು ತಪ್ಪುವುದಿಲ್ಲ, ಜೀವ ಮಾತ್ರ ಇಲ್ಲ. ಎರಡು ಗುಳಿಗೆ ಬೆಳಿಗ್ಗೆ, ಎರಡು ಸಂಜೆ ಅನ್ನುವ ಹಾಗೆ ಬಾರಿಸುತ್ತಾಳೆ. ನಿಮ್ಮ ಗೋಡೆಗೆ ತಕ್ಕ ಜೋಡಿ.

ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ಹೇಳಿದ್ದನ್ನೆಲ್ಲ ಕೇಳಬೇಕಾಗುತ್ತದೆ. ಪತ್ರವಾದರೆ ಬೇಕಾದಷ್ಟು ಓದಿ ಮಡಚಿಡಬಹುದು.

ಇಂತಿ,
ನಿಮ್ಮ ನಾದಿನಿ


ಜನವರಿ 16

ನಾದಿನಿಯವರಿಗೆ,

ಪತ್ರವನ್ನು ನಿಮ್ಮಣ್ಣನಿಗೆ ಓದಿ ಹೇಳಿದೆ. "ನಮ್ಮ ಪ್ರಾಸಮ್ಮ ಹೊಗಳಿದ್ರೆ ಭಯಪಡ್ಬೇಕು. ಬೈದಿದಾಳೆ ಅಂದ್ರೆ ಬರ್ತಾಳೆ ಬಿಡು" ಎಂದು ನಕ್ಕರು. ಅವರಿಗೇನು, ಮಧ್ಯೆ ಕೂತು ನಗುವುದೇ ಅವರ ಪಾಲಿನ ಕೆಲಸ.

ಹೌದು, ಕರಪತ್ರ ಬರೆದವಳು ನಾನೇ. ನನಗೆ ಸಂಗೀತ ಗೊತ್ತಿಲ್ಲ, ಅದನ್ನೂ ಒಪ್ಪುತ್ತೇನೆ. ನಿಮ್ಮ ಡೋಲು ನನಗೆ ಮೇಲಿನ ಮನೆಯವರು ಮಂಚ ಎಳೆದ ಹಾಗೆ ಕೇಳುತ್ತದೆ. ಆದರೆ ಎಣಿಸಲು ಬರುತ್ತದೆ. ಹೋದ ವರ್ಷ ನಿಮ್ಮ ವಾರ್ಷಿಕ ಕಾರ್ಯಕ್ರಮದ ದಿನ ಹಾಲಿನಲ್ಲಿ ಇದ್ದವರು ಇಪ್ಪತ್ತಾರು ಜನ. ಅದರಲ್ಲಿ ಹನ್ನೆರಡು ಜನ ವೇದಿಕೆಯ ಮೇಲಿದ್ದಿರಿ. ಇಲ್ಲಿ ಮುಖ್ಯ ಕಚೇರಿಯಲ್ಲಿ ಸಮಿತಿಯವರು ಆ ಹಾಲನ್ನು ಟೇಬಲ್ ಟೆನಿಸ್‌ಗೆ ಕೊಡಲು ನಿರ್ಧಾರ ಬರೆದು ಸಹಿಗೆ ಕಾಯುತ್ತಿದ್ದರು. ಕಲಾ ವಿಭಾಗದ ಅಧಿಕಾರಿ ಅಂತ ನನ್ನ ಅಭಿಪ್ರಾಯ ಕೇಳಿದರು. ಅಡ್ಡ ನಿಲ್ಲಿಸಲು ನನ್ನ ಕೈಗೆ ಸಿಕ್ಕಿದ್ದು ಈ ಗೋಡೆ ಒಂದೇ. ನಿಮಗೆ ಇಷ್ಟವಾಗಲಿ ಎಂದು ನಿಲ್ಲಿಸಿದ್ದಲ್ಲ.

ಮದುವೆಯಾಗಿ ಹದಿನೆಂಟು ವರ್ಷ. ವಯಸ್ಸಿನಲ್ಲಿ ನಾನು ನಿಮಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೂ 'ಅತ್ತಿಗೆಯವರಿಗೆ' ಎಂದು ಬರೆಯುತ್ತೀರಿ. ಆ 'ಯವರಿಗೆ'ಯಲ್ಲಿ ಎಷ್ಟು ಮುಳ್ಳುಗಳಿವೆ ಎಂದು ಎಣಿಸುವುದನ್ನು ಮಾತ್ರ ಬಿಟ್ಟಿದ್ದೇನೆ.

ಮೂವತ್ತೊಂದಕ್ಕೆ ಮಧ್ಯಾಹ್ನ ನಾಲ್ಕಕ್ಕೆ ಮೊದಲ ಕಾರ್ಯಕ್ರಮ. ಬೆಳಗಿನ ರೈಲಿಗೆ ಬರುತ್ತೇನೆ. ಫೋನ್ ಎತ್ತಿದರೆ ಪಾಪ ಬರುವುದಿಲ್ಲ.

ಇಂತಿ,
ಅತ್ತಿಗೆ


ಜನವರಿ 20

ಕಿವಿಯ ಡಾಕ್ಟರಿಗೆ,

ಶುಕ್ರವಾರಕ್ಕೆ ಬರೆಸಿದ್ದ ನನ್ನ ಸರದಿಯನ್ನು ಬೇರೆ ಯಾರಿಗಾದರೂ ಕೊಡಿ. ನಿಮ್ಮ ಹೊರಕೋಣೆಯಲ್ಲಿ ಬೆಂಚು ತುಂಬ ಕೂತವರಿದ್ದಾರೆ.

ಹೋದ ಸಲ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಬಟ್ಟಲು ಮುಚ್ಚಿ, "ಶಬ್ದ ಕೇಳಿದಾಗ ಗುಂಡಿ ಒತ್ತಿ" ಎಂದಿರಿ. ಕೇಳಿದಾಗೆಲ್ಲ ಒತ್ತಿದೆ. ಬಹಳ ಸಲ ಒತ್ತಿದೆ ಅಂದುಕೊಂಡಿದ್ದೆ. ಹೊರಗೆ ಬಂದ ಮೇಲೆ ನಿಮ್ಮ ಸಹಾಯಕಿ ನನ್ನ ಮುಖ ನೋಡದೆ ಕಾಗದ ಕೊಟ್ಟಳು. ಬಲಗಿವಿ ಮುಗಿದಿದೆ, ಎಡಗಿವಿ ಮುಗಿಯುತ್ತಿದೆ. ಮೊದಲು ಹೋಗುವುದು ಮೇಲಿನ ಸ್ವರ, ಗದ್ದಲದಲ್ಲಿ ಮಾತು ತಿಳಿಯುವುದಿಲ್ಲ, ಬೆನ್ನ ಹಿಂದಿನಿಂದ ಕರೆದರೆ ಗೊತ್ತಾಗುವುದಿಲ್ಲ ಎಂದಿರಿ. ಇದನ್ನು ಹೇಳಿಸಿಕೊಳ್ಳಲು ನಾನು ನಿಮ್ಮ ಹತ್ತಿರ ಬರಬೇಕಿರಲಿಲ್ಲ.

"ಜೊತೆಯಲ್ಲಿ ಕೆಲಸ ಮಾಡೋರಿಗೆ ಹೇಳ್ಬಿಡಿ, ಸುಲಭ ಆಗುತ್ತೆ" ಎಂದಿರಿ. ಯಾರಿಗೆ ಸುಲಭ? ಡೋಲಿನವಳಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದ ದಿನವೇ ನನ್ನ ಜಾಗಕ್ಕೆ ಬೇರೆಯವರು ಬಂದು ಕೂರುತ್ತಾರೆ. ಏಪ್ರಿಲ್‌ವರೆಗೆ ಮೂರು ಕಾರ್ಯಕ್ರಮ ಇದೆ. ಅಲ್ಲಿಯವರೆಗೆ ಯಾರಿಗೂ ಹೇಳುವವಳಲ್ಲ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವಳು ಅನ್ನಿಸಿಕೊಳ್ಳುವುದು ಲೇಸು. ಸೊಕ್ಕಿಗೆ ನನಗೆ ಮೊದಲೇ ಹೆಸರಿದೆ, ಹೊಸದಾಗಿ ಗಳಿಸಬೇಕಾಗಿಲ್ಲ.

ಇಂತಿ,
ಎರಡನೆಯ ಕೋಣೆಯಲ್ಲಿ ಗುಂಡಿ ಒತ್ತಿದವಳು


ಫೆಬ್ರವರಿ 3

ಅತ್ತಿಗೆಯವರಿಗೆ,

ಶನಿವಾರ ನೀವು ಪಟ್ಟಿ ಕಟ್ಟುವುದರಲ್ಲೂ ಪಟ್ಟಿ ಬಿಚ್ಚುವುದರಲ್ಲೂ ಮುಳುಗಿದ್ದಿರಿ. ಆದ್ದರಿಂದ ವೇದಿಕೆಯ ಮೇಲೆ ನಡೆದದ್ದನ್ನು ತಿಳಿಸುತ್ತಿದ್ದೇನೆ.

ನಾವು ಡೋಲು ಬಾರಿಸಿದೆವು. ಯಾರೂ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಬಳ್ಳಿ ಹುಡುಕುತ್ತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಮಗುವಿನ ಕೈಯನ್ನು ಕೀಲಿ ಕೊಡುವ ಹಾಗೆ ಅಲ್ಲಾಡಿಸಿ "ನೋಡು ಹಸಿರು, ನೋಡು ನಿಂದು" ಅನ್ನುತ್ತಿದ್ದಳು. ಮಗು ನಿದ್ದೆ ಮಾಡುತ್ತಿತ್ತು. ಗೋಡೆಯ ಮೇಲೆ ಆ ಮಗುವಿನ ಬಳ್ಳಿಯೇ ಎಲ್ಲಕ್ಕಿಂತ ಎತ್ತರ ಬೆಳೆಯಿತು. ತಾಳ ಕಲಿಯದ ಕೈಗೆ ತೋರಣ ಕಟ್ಟುವ ಯಂತ್ರ. ಮಲಗಿದವರಿಗೂ ಬಹುಮಾನ ಅದರ ತಂತ್ರ.

ನಿಮ್ಮ ತಂತ್ರಜ್ಞ, ಕುತ್ತಿಗೆಯ ತುಂಬ ತಂತಿ ಹಾಕಿಕೊಂಡು ಓಡಾಡುವವನು, ಅವನಿಗೆ ನಾನು ತಂತಿರಾಯ ಅನ್ನುತ್ತೇನೆ, ಮಧ್ಯದಲ್ಲಿ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತ.

"ಮೇಡಂ, ನೀವು ಏಳೇಳಾಗಿ ಬಾರಿಸ್ತಿದೀರ. ಏಳು ಅಂದ್ರೆ ನಮ್ಮ ಸಿಸ್ಟಮ್‌ಗೆ ಸ್ವಲ್ಪ ಕಷ್ಟ. ಎಂಟು ಮಾಡ್ಕೊಳ್ತೀರಾ?"

"ನೀನು ಮೊದಲು ವಾರಕ್ಕೆ ಎಂಟು ದಿನ ಮಾಡ್ಕೊಂಡ್ ಬಾ. ಆಮೇಲೆ ನೋಡೋಣ" ಎಂದೆ.

ಅವನು ಅದನ್ನು ಬರೆದುಕೊಂಡ. ನಿಜವಾಗಿಯೂ ಬರೆದುಕೊಂಡ. ನಿಮ್ಮ ಇಲಾಖೆಯಲ್ಲಿ ಇಂಥವರನ್ನು ಹುಡುಕಿ ತರಲು ಬೇರೆ ಅಧಿಕಾರಿ ಇದ್ದಾರೋ, ಅದೂ ನೀವೇ ನೋಡಿಕೊಳ್ಳುತ್ತೀರೋ?

ಇಂತಿ,
ನಿಮ್ಮ ನಾದಿನಿ


ಫೆಬ್ರವರಿ 10

ನಾದಿನಿಯವರಿಗೆ,

ಮೊದಲು ಕೆಲಸದ ಮಾತು. ಯಂತ್ರದ ವರದಿ ಬಂದಿದೆ. ನೂರಾ ಎಂಬತ್ತು ಜನ ಬಂದಿದ್ದರು. ಜನ ಅತಿ ಹೆಚ್ಚು ಕೈ ಸೇರಿಸಿದ್ದು ಮೊದಲ ಒಂಬತ್ತು ನಿಮಿಷ. ಸಮಿತಿಯ ಅಧ್ಯಕ್ಷರಿಗೆ ವಿಡಿಯೋ ತೋರಿಸಿದೆ. ನೀವೊಬ್ಬರೇ ಡೋಲಿನ ಸುತ್ತ ಸುತ್ತಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ತಲೆ ವಾಲಿಸಿ ಕೇಳಿ, ಮತ್ತೆ ತಟ್ಟಿ, ಒಂದು ಪೆಟ್ಟು ಹೊಡೆದು ನಿಲ್ಲಿಸುವ ಆ ಐಟಂ ಅವರಿಗೆ ಬಹಳ ಹಿಡಿಸಿತು. "ಏನು ಸಂಯಮ" ಎಂದರು. ಮುಂದಿನ ಸಲ ಅದನ್ನು ಇಪ್ಪತ್ತು ನಿಮಿಷಕ್ಕೆ ಬೆಳೆಸಬಹುದೇ? ಏಳೇಳರ ಭಾಗದಲ್ಲಿ ಜನ ಚಪ್ಪಲಿ ಹುಡುಕಲು ಎದ್ದರು ಎಂದು ವರದಿಯಲ್ಲೇ ಇದೆ.

ಇನ್ನು ಕೆಲಸದ್ದಲ್ಲದ ಮಾತು. ಕಾರ್ಯಕ್ರಮ ಮುಗಿದ ಮೇಲೆ ನೀವು ಡೋಲಿಗೆ ಬಟ್ಟೆ ಹೊದಿಸುತ್ತಿದ್ದಿರಿ. ನಾನು ಹಿಂದಿನಿಂದ ಬಂದು ಕರೆದೆ. ಮೂರು ಸಲ ಕರೆದೆ. ಮೂರನೆಯ ಸಲ ಸ್ವಲ್ಪ ಜೋರಾಗಿಯೇ ಕರೆದೆ. ಕುರ್ಚಿ ಜೋಡಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ನೀವೊಬ್ಬರೇ ತಿರುಗಲಿಲ್ಲ. ಬಟ್ಟೆಯ ಗಂಟು ಬಿಗಿದು ಮೆಟ್ಟಿಲಿಳಿದು ಹೋದಿರಿ. ನಿಮಗೊಂದು ಶಾಲು ತಂದಿದ್ದೆ, ವಾಪಸು ತೆಗೆದುಕೊಂಡು ಬಂದೆ.

ಒಂದೇ ಪ್ರಶ್ನೆ. ನಾನು ಕರೆದದ್ದು ನಿಮಗೆ ಕೇಳಿಸಲಿಲ್ಲವೇ? ಕೇಳಿಸಲಿಲ್ಲ ಎಂದರೆ ನಂಬುತ್ತೇನೆ.

ಅತ್ತಿಗೆ


ಫೆಬ್ರವರಿ 15

ಅತ್ತಿಗೆಯವರಿಗೆ,

ಅದು ಐಟಂ ಅಲ್ಲ. ಅದಕ್ಕೆ ಶ್ರುತಿ ಮಾಡುವುದು ಅನ್ನುತ್ತಾರೆ. ಡೋಲಿನ ಹಗ್ಗಗಳ ಅಡಿಗೆ ಮರದ ಗೂಟಗಳಿರುತ್ತವೆ. ಅವನ್ನು ತಟ್ಟಿ ಅತ್ತಿತ್ತ ಸರಿಸಿದರೆ ಚರ್ಮ ಬಿಗಿಯಾಗುತ್ತದೆ, ಸಡಿಲವಾಗುತ್ತದೆ, ಎಲ್ಲ ಡೋಲೂ ಒಂದೇ ದನಿಗೆ ಬರುತ್ತವೆ. ಊಟಕ್ಕೆ ಬಂದವರು ತಟ್ಟೆ ತೊಳೆಯುವುದನ್ನು ನೋಡಿ ಚಪ್ಪಾಳೆ ತಟ್ಟಿ, ಊಟ ಬಡಿಸಿದಾಗ ಎದ್ದುಹೋದರೆ ಹೇಗೋ ಹಾಗೆ ನಿಮ್ಮ ನೂರಾ ಎಂಬತ್ತು ಜನ. ಅದನ್ನು ಅಳೆದ ಯಂತ್ರಕ್ಕೆ ನಾಚಿಕೆ ಇಲ್ಲ, ಸರಿ, ಅದು ತಗಡು. ಅಧ್ಯಕ್ಷರಿಗೆ ಏನಾಗಿತ್ತು?

ಮಾಮೂಲಿಗೆ ಮೂರು ನಿಮಿಷದ ಕೆಲಸ. ಅವತ್ತು ಒಂಬತ್ತು ನಿಮಿಷ ಹಿಡಿಯಿತು. ಆ ಹಾಲ್ ತಣ್ಣಗಿತ್ತು.

ನಿಮ್ಮ ಪ್ರಶ್ನೆಗೆ ಉತ್ತರ: ಕೇಳಿಸಿತು. ಮೂರು ಸಲವೂ ಕೇಳಿಸಿತು. ತಿರುಗಬೇಕು ಅನ್ನಿಸಲಿಲ್ಲ.

ಇಂತಿ,
ನಿಮ್ಮ ನಾದಿನಿ


ಮಾರ್ಚ್ 18

ಮಾನ್ಯರೇ,

ವಿಷಯ: ಮೂರನೆಯ ಕಾರ್ಯಕ್ರಮದ ಸಿದ್ಧತೆ.

ಫೆಬ್ರವರಿ 28ರ ಎರಡನೆಯ ಕಾರ್ಯಕ್ರಮಕ್ಕೆ ಇನ್ನೂರ ಹತ್ತು ಜನ ಬಂದಿದ್ದರು. ಕಚೇರಿಯ ಕೆಲಸದಿಂದ ನಾನು ಬರಲಾಗಲಿಲ್ಲ. ಶ್ರುತಿ ಮಾಡುವ ಭಾಗವನ್ನು ನೀವು ಪರದೆಯ ಹಿಂದೆ ಮುಗಿಸಿದ್ದರಿಂದ ಗೋಡೆ ಆರಂಭದಲ್ಲಿ ಕತ್ತಲಾಗಿತ್ತು ಎಂದು ತಂತ್ರಜ್ಞರು ವರದಿ ಮಾಡಿದ್ದಾರೆ.

ಏಪ್ರಿಲ್ 4ರ ಕಾರ್ಯಕ್ರಮಕ್ಕೆ ಸಮಿತಿಯವರೆಲ್ಲ ಬರುತ್ತಾರೆ. ಮುಂದಿನ ವರ್ಷ ಮುಂದಾಳಿನ ಜಾಗದಲ್ಲಿ ನೀವು ಇರಬೇಕೇ ಬೇಡವೇ ಎಂದು ಅಂದೇ ತೀರ್ಮಾನ. ಬೆಳಕಿನ ಕಿರಣ ಎದ್ದುಕಾಣಲು ವೇದಿಕೆಯ ಮುಂದೆ ಮಂಜು ಊದುವ ಯಂತ್ರ ಇಡಲಾಗುವುದು. ಸಹಕರಿಸಬೇಕಾಗಿ ಕೋರಿಕೆ.

ಕಲಾ ವಿಭಾಗದ ಅಧಿಕಾರಿ

ಟೈಪ್ ಮಾಡಿದ್ದರ ಕೆಳಗೆ ಕೈಯಲ್ಲಿ ಬರೆಯುತ್ತಿದ್ದೇನೆ. ಕೇಳಿಸಿಯೂ ತಿರುಗಲಿಲ್ಲ ಎಂದು ಲಿಖಿತವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಹದಿನೆಂಟು ವರ್ಷ ಅನುಮಾನದಲ್ಲೇ ಇದ್ದೆ.


ಮಾರ್ಚ್ 22

ಅತ್ತಿಗೆಯವರಿಗೆ,

ಮಂಜು ಊದಿದರೆ ಚರ್ಮ ತೇವವಾಗುತ್ತದೆ. ತೇವವಾದ ಚರ್ಮ ಇಳಿಯುತ್ತದೆ. ಮುಂದಾಳಿನ ಡೋಲು ಎಲ್ಲಕ್ಕಿಂತ ಮುಂದಿರುವುದರಿಂದ ಮೊದಲು ನೆನೆಯುವುದು ನನ್ನದೇ. ಯಂತ್ರವನ್ನು ಹತ್ತು ಹೆಜ್ಜೆ ಆಚೆ ಇಡಿಸಿ. ತಂತಿರಾಯನಿಗೆ ಹೇಳಿದೆ, "ಫ್ಯಾನ್ ಹಾಕ್ತೀನಿ ಮೇಡಂ" ಅಂದ. ಸೋರುವ ಸೂರಿಗೆ ಬೀಸಣಿಗೆ.

ಕೈಬರಹದ ಸಾಲುಗಳನ್ನು ಓದಿದೆ.

ನಾದಿನಿ


ಏಪ್ರಿಲ್ 6

ನಾದಿನಿಯವರಿಗೆ,

ಸಮಿತಿ ಒಪ್ಪಿದೆ. ಒಂದಲ್ಲ, ಎರಡು ವರ್ಷಕ್ಕೆ. ಮುಂದಾಳು ನೀವೇ. ಆದೇಶದ ಪ್ರತಿ ಇದರ ಜೊತೆಗಿದೆ.

ಈಗ ಹೇಳಿ, ಏಕೆ ಹಾಗೆ ಮಾಡಿದಿರಿ? ಮುನ್ನೂರು ಜನ ಇದ್ದರು. ಗೋಡೆ ಮೂಲೆಯಿಂದ ಮೂಲೆಗೆ ತುಂಬಿತ್ತು, ನನಗೇ ಮೈ ಜುಮ್ಮೆಂದಿತು. ಅರ್ಧಕ್ಕೆ ಬಂದಾಗ ಇದ್ದಕ್ಕಿದ್ದಂತೆ ನೀವು ಕೈ ಎತ್ತಿದಿರಿ. ಕೋಲುಗಳನ್ನು ನೆಲದ ಮೇಲಿಟ್ಟಿರಿ. ಆ ಔಷಧಿ ಅಂಗಡಿಯವಳಿಗೆ ನಿಮ್ಮ ಜಾಗ ತೋರಿಸಿ, ಪಕ್ಕದ ಬಾಗಿಲಿನಿಂದ ಹೊರಟುಹೋದಿರಿ. ಅವಳು ಅಳುತ್ತಲೇ ಬಂದು ಕೂತು ಮುಗಿಸಿದಳು. ಜನ ಇದೂ ಕಾರ್ಯಕ್ರಮದ ಭಾಗ ಅಂದುಕೊಂಡು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ನನ್ನ ಕಿವಿಯಲ್ಲಿ "ತಲೆಮಾರು ದಾಟಿಸೋದು ಅಂದ್ರೆ ಇದು" ಎಂದರು. ನಾನು ಹೌದು ಎಂದು ತಲೆಯಾಡಿಸಿದೆ. ನನಗೆ ತಿಳಿದ ಒಂದೇ ಕಾರಣ ನಾನು. ಮುಂದಿನ ಸಾಲಿನಲ್ಲಿ ನಾನು ಕೂತದ್ದನ್ನು ನೋಡಲಾಗದೆ ಎದ್ದುಹೋದಿರಿ.

ಅಷ್ಟು ತಿರಸ್ಕಾರಕ್ಕೆ ನಾನು ಮಾಡಿದ್ದಾದರೂ ಏನು? ಬೈದೇ ಬರೆಯಿರಿ, ಪ್ರಾಸ ಕಟ್ಟಿಯಾದರೂ ಬರೆಯಿರಿ. ಸುಮ್ಮನಿರಬೇಡಿ.

ಅತ್ತಿಗೆ


ಏಪ್ರಿಲ್ 11

ಅತ್ತಿಗೆ,

ಆದೇಶವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಹೆಸರು ಬದಲಾಯಿಸಿ ಗಡಿಯಾರದವಳ ಹೆಸರು ಹಾಕಿಸಿ.

ಶನಿವಾರ ನಡೆದದ್ದು ಇಷ್ಟು. ಮಂಜು ನೇರ ನನ್ನ ಡೋಲಿನ ಮೇಲೆ ಬಂತು. ಚರ್ಮ ಇಳಿದಿತ್ತು. ಕೋಲಿನ ಪುಟಿತ ಕಡಿಮೆಯಾದದ್ದು ಕೈಗೆ ಗೊತ್ತಾಯಿತು. ತೋಳು ದಣಿದಿದೆ ಅಂದುಕೊಂಡು ಇನ್ನೂ ಜೋರಾಗಿ ಬಾರಿಸಿದೆ. ನನ್ನ ಡೋಲು ಉಳಿದ ಹನ್ನೊಂದಕ್ಕಿಂತ ಪೂರ್ತಿ ಕೆಳಗೆ ಹೋಗಿ ಕೂತಿದೆ, ಹಾಲಿನಲ್ಲೆಲ್ಲ ಅದು ಬೇರೆಯಾಗಿ ಗೊಗ್ಗರು ಗೊಗ್ಗರಾಗಿ ಕೇಳುತ್ತಿದೆ ಎಂದು ನನಗೆ ತಿಳಿಯಲಿಲ್ಲ. ನಿಮ್ಮ ಮುನ್ನೂರು ಜನಕ್ಕೂ ತಿಳಿಯಲಿಲ್ಲ, ಗೋಡೆಗೂ ತಿಳಿಯಲಿಲ್ಲ. ಗೋಡೆ ಪೆಟ್ಟು ಎಣಿಸುತ್ತದೆ, ದನಿ ಕೇಳುವುದಿಲ್ಲ. ಅವತ್ತು ನಾನೂ ಆ ಗೋಡೆಯೂ ಒಂದೇ.

ಶಿಷ್ಯೆಯರು ನನ್ನೆದುರು ಅರ್ಧ ಸುತ್ತಿನಲ್ಲಿ ಕೂತಿರುತ್ತಾರಲ್ಲ, ಅವರ ಕೈ ನನಗೆ ಕಾಣುತ್ತದೆ. ಮೊದಲು ಗಡಿಯಾರದವಳು ಬಲಗೈಯಲ್ಲಿ ಬಾರಿಸುತ್ತಲೇ ಎಡಗೈಯನ್ನು ಗೂಟಕ್ಕೆ ಹಾಕಿದಳು. ಹಗ್ಗ ಸಡಿಲ ಮಾಡಿದಳು. ಏನು ಕೆಟ್ಟ ಬುದ್ಧಿ ಬಂತು ಇವಳಿಗೆ ಎಂದು ಕಣ್ಣು ಬಿಟ್ಟೆ. ತಲೆ ಎತ್ತಲಿಲ್ಲ. ಅವಳ ಪಕ್ಕದವಳೂ ಸಡಿಲ ಮಾಡಿದಳು. ಅವಳ ಪಕ್ಕದವಳೂ. ಒಬ್ಬೊಬ್ಬಳಾಗಿ ಹನ್ನೊಂದು ಮಂದಿಯೂ, ಒಂದು ಪೆಟ್ಟೂ ತಪ್ಪಿಸದೆ, ನನ್ನ ಮುಖ ನೋಡದೆ, ಸರಿಯಾಗಿದ್ದ ತಮ್ಮ ಡೋಲುಗಳನ್ನು ಕೆಡಿಸಿಕೊಂಡು ನನ್ನ ಇಳಿದ ದನಿಯ ಹತ್ತಿರ ಬಂದರು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಅಂದರೆ ಅವರೊಳಗೆ ಇದು ಹಳೆಯ ಮಾತು. ಎಷ್ಟು ತಿಂಗಳಿಂದ ಹೀಗೆ ನನ್ನನ್ನು ಹೊತ್ತುಕೊಂಡು ಬಾರಿಸುತ್ತಿದ್ದಾರೋ ಗೊತ್ತಿಲ್ಲ. ಮರ ಅನ್ನುತ್ತಿದ್ದೆ ಅವರನ್ನು.

ತಪ್ಪು ಶ್ರುತಿಗೆ ಬಗ್ಗಬೇಡಿ, ಎದುರಿಗೆ ಯಾರೇ ಇರಲಿ ಎಂದು ಹೇಳಿಕೊಟ್ಟವಳು ನಾನು. ಆ ಪಾಠವನ್ನು ಅವರು ಮುರಿಯುವ ಹಾಗೆ ಮಾಡಿದವಳೂ ನಾನೇ. ಇನ್ನೊಂದು ಸುತ್ತು ಆ ಜಾಗದಲ್ಲಿ ಕೂತಿದ್ದರೆ ಅದು ಕಳ್ಳತನ. ಎದ್ದೆ.

ಬಲಗಿವಿ ಹೋಗಿ ಒಂದೂವರೆ ವರ್ಷವಾಯಿತು. ಎಡದಲ್ಲಿ ಅಷ್ಟಿಷ್ಟು ಉಳಿದಿದೆ. ಡಾಕ್ಟರನ್ನೂ ನನ್ನನ್ನೂ ಬಿಟ್ಟರೆ ಇದನ್ನು ತಿಳಿಯುತ್ತಿರುವ ಮೊದಲಿಗರು ನೀವು. ಜನವರಿಯಲ್ಲಿ ನೀವು ಮೂರು ಸಲ ಕರೆದಿರಂತೆ. ನನಗೆ ಒಂದು ಸಲವೂ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದು ಬರೆಯಲು ಕೂತು, ಕೇಳಿಸಿತು ಎಂದು ಬರೆದೆ. ಕಾಗದವನ್ನು ಡಬ್ಬಿಗೆ ಹಾಕಿ ಬಂದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸೇರಿತು, ಅದನ್ನೂ ಹೇಳಿಬಿಡುತ್ತೇನೆ, ನನ್ನನ್ನು ಒಳ್ಳೆಯವಳು ಅಂದುಕೊಂಡುಬಿಟ್ಟೀರಿ.

ಹದಿನೆಂಟು ವರ್ಷದಲ್ಲಿ ಮೊದಲ ಹದಿನಾರೂವರೆ ವರ್ಷದ್ದು ಕಿವಿಯ ತಪ್ಪಲ್ಲ, ನಿಜವಾದ ಸೊಕ್ಕು. ಉಳಿದ ಒಂದೂವರೆ ವರ್ಷದ್ದನ್ನು ಮಾತ್ರ ಲೆಕ್ಕದಿಂದ ತೆಗೆದುಹಾಕಿ. ನಿಮ್ಮ ಗೋಡೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಕರಪತ್ರದ ಬಗ್ಗೆಯೂ ಇಲ್ಲ. ಹಾಲ್ ಉಳಿಸಿದ್ದಕ್ಕೆ ಮಾತ್ರ ನಿಮಗೆ ಋಣಿ ಎಂದು ಬರೆಯುತ್ತಿದ್ದೇನೆ. ಅಣ್ಣನಿಗೆ ಓದಿ ಹೇಳಬೇಡಿ.

ನಿಮ್ಮ ನಾದಿನಿ


ಏಪ್ರಿಲ್ 12

ಗಡಿಯಾರಕ್ಕೆ,

ಅಂಗಡಿಯ ಹುಡುಗಿಯ ಕೈಯಲ್ಲಿ "ಟೀಚರ್‌ಗೆ ಕೋಪ ಬಂದಿದೆಯಾ ಕೇಳ್ಕೊಂಡ್ ಬಾ" ಎಂದು ಹೇಳಿಕಳಿಸಿದ್ದೆಯಂತೆ. ಬಂದಿದೆ. ಹನ್ನೊಂದು ಮಂದಿಯಲ್ಲಿ ಮೊದಲು ಗೂಟಕ್ಕೆ ಕೈ ಹಾಕಿದವಳು ನೀನು, ನೋಡಿದ್ದೇನೆ. ಇನ್ನೊಂದು ಸಲ ಯಾರ ಮಾನ ಉಳಿಸಲಿಕ್ಕಾದರೂ ಡೋಲು ಇಳಿಸಿದರೆ ಕೋಲು ಕಿತ್ತುಕೊಳ್ಳುತ್ತೇನೆ. ತಪ್ಪು ಕೇಳಿಸಿದರೆ ನಿಲ್ಲಿಸಿ ಹೇಳು, ನನಗಾದರೂ ಸರಿ, ಸಮಿತಿಗಾದರೂ ಸರಿ.

ಮುಂದಾಳಿನ ಜಾಗ ಇನ್ನು ನಿನ್ನದು. ಹಿಗ್ಗಬೇಡ. ಶನಿವಾರ ನೀನು ಮುಗಿಸಿದ್ದನ್ನು ಹೊರಗಿನ ಕಾರಿಡಾರಿನ ಗೋಡೆಗೆ ಅಂಗೈ ಒತ್ತಿ ನಿಂತು ಗಮನಿಸಿದೆ. ಪೆಟ್ಟು ಎಲ್ಲ ಸರಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಉಸಿರಿಲ್ಲ. ಔಷಧಿ ಚೀಟಿ ಓದಿದ ಹಾಗೆ ಬಾರಿಸುವುದನ್ನು ಬಿಡಬೇಕು. ನಿನಗೆ ಕಿವಿ ಇದೆ, ಜೀವ ಇಲ್ಲ. ನನ್ನದು ಉಲ್ಟಾ. ಇಬ್ಬರೂ ಸೇರಿದರೆ ಒಬ್ಬ ಡೋಲಿನವಳು ಆಗಬಹುದೇನೋ, ಖಾತ್ರಿಯಿಲ್ಲ.

ಗುರುವಾರ ಐದು ಗಂಟೆಗೆ ಅಂಗಡಿ ಮುಗಿಸಿ ನೇರ ಮನೆಗೆ ಬಾ. ಬಾಗಿಲು ತಟ್ಟಬೇಡ, ತೆರೆದಿರುತ್ತದೆ. ಒಳಗೆ ಬಂದು ನನ್ನ ಎಡಗಡೆ ಕೂರು.

ಟೀಚರ್